ಕಾಂಪೌಂಡ್ ಪಕ್ಕ ಹಳದಿ ಬಿದಿರು ಹಾಕಬಹುದೇ? ಮೈಸೂರಿನಲ್ಲಿ ಬೆಳೆಸಿದವರು ದಯವಿಟ್ಟು ಹೇಳಿ

ಬೋಗಾದಿ_ಹಿತ್ತಲು · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೋಗಾದಿ ಕಡೆ, 40×60 ಸೈಟು. ಪಶ್ಚಿಮದ ಕಾಂಪೌಂಡ್ ಪಕ್ಕ 25 ಅಡಿ ಉದ್ದ, 6 ಅಡಿ ಅಗಲದ ಜಾಗ ಖಾಲಿ ಇದೆ. ಪಕ್ಕದವರು ಈಗ ಮಹಡಿ ಮೇಲೆ ಮಹಡಿ ಕಟ್ಟಿದ್ದಾರೆ. ಅವರ ಬಾಲ್ಕನಿಯಲ್ಲಿ ನಿಂತರೆ ನಮ್ಮ ಅಡುಗೆಮನೆ ಒಲೆಯವರೆಗೂ ಕಾಣುತ್ತದೆ. ಒಳ್ಳೆಯ ಜನ, ಆದರೂ ಕಿಟಕಿ ತೆಗೆದಿಡಲು ಸಂಕೋಚ. ಮಧ್ಯಾಹ್ನ ಮೂರರ ಮೇಲೆ ಬಿಸಿಲೂ ಅದೇ ಕಡೆಯಿಂದ ಹೊಡೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಆ ಗೋಡೆ ಮುಟ್ಟೋಕಾಗಲ್ಲ.

ನರ್ಸರಿಯಲ್ಲಿ ಬಿದಿರು ಹಾಕಿ ಅಂದರು. ಹಳದಿ ಬೊಂಬಿನ ಮೇಲೆ ಹಸಿರು ಗೆರೆ ಇರುವ ಗಿಡ. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಆದರೆ ಒಂದು ಸಾಲಿನಲ್ಲಿ ಪೆನ್ಸಿಲ್ ದಪ್ಪದ್ದು, ಇನ್ನೊಂದು ಸಾಲಿನಲ್ಲಿ ಹೆಬ್ಬೆರಳಿಗಿಂತ ದಪ್ಪದ್ದು ಇತ್ತು. ಎರಡಕ್ಕೂ ಗೋಲ್ಡನ್ ಬ್ಯಾಂಬೂ ಅಂತಲೇ ಹೆಸರು. ದಪ್ಪದ್ದು ಬೇಗ ಬೆಳೆಯುತ್ತೆ, ಅದನ್ನೇ ತಗೊಳ್ಳಿ ಅಂದರು.

ನನ್ನ ಅನುಮಾನಗಳು: ಬೇರು ಗೋಡೆ ಒಡೆಯುತ್ತಾ? ಸಂಪು ಆ ಜಾಗದಿಂದ 8 ಅಡಿ ದೂರದಲ್ಲಿದೆ, ಅದಕ್ಕೇನಾದರೂ ಆಗುತ್ತಾ? ಹಾವು ಬರುತ್ತಾ? ಜೊತೆಗೆ, ಮನೆ ಹತ್ತಿರ ಬಿದಿರು ಇರಬಾರದು ಅಂತ ಅತ್ತೆ ಹೇಳುತ್ತಿದ್ದಾರೆ. ಗೊತ್ತಿರುವವರು ಹೇಳಿ.


ಹಸಿರುಬೇಲಿ · ಭಾನುವಾರ ಬೆಳಿಗ್ಗೆ

ಮೇಡಂ, ದಪ್ಪದ್ದು ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ನಾನು ಮೈಸೂರಿನಲ್ಲಿ ಮನೆ ತೋಟದ ಕೆಲಸ ಮಾಡಿಸುವವನು. ಈ ಎರಡೂ ಗಿಡ ನೆಡಿಸಿದ್ದೇನೆ.

ದಪ್ಪ ಬೊಂಬಿನದು ಬಾಂಬುಸ ವಲ್ಗ್ಯಾರಿಸ್ ಜಾತಿಯ 'ವಿಟಾಟ' ತಳಿ. ಹಳದಿ ಮೈ, ಬ್ರಷ್‌ನಲ್ಲಿ ಎಳೆದಂಥ ಹಸಿರು ಪಟ್ಟೆ. ತುಂಬಾ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲಕ್ಕೆ ಬಿದ್ದು ನೀರು ಸಿಕ್ಕರೆ 40, 50 ಅಡಿ ಎತ್ತರ ಹೋಗುತ್ತದೆ. ಬೊಂಬು 3, 4 ಇಂಚು ದಪ್ಪ ಬರುತ್ತದೆ. ಮೆಳೆಯೂ ಬಿಡಿಬಿಡಿ, ಒಂದು ಬೊಂಬಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟುಕೊಂಡು ಹೊರಗೆ ಹೊರಗೆ ಬರುತ್ತದೆ. ಅದು ತೋಟದ ಮನೆಗೆ, ರೆಸಾರ್ಟಿಗೆ, ಕೆರೆ ಏರಿಗೆ ಸರಿ. 6 ಅಡಿ ಪಟ್ಟಿಗೆ ಅಲ್ಲ.

ಪೆನ್ಸಿಲ್ ದಪ್ಪದ್ದು ಬಹುಶಃ ಬಾಂಬುಸ ಮಲ್ಟಿಪ್ಲೆಕ್ಸ್. ಅದರಲ್ಲಿ ಹಳದಿ ಮೈ, ಹಸಿರು ಗೆರೆ ಇರುವ ತಳಿಗೆ 'ಅಲ್ಫೋನ್ಸ್ ಕಾರ್' ಅಂತ ಹೆಸರು. ನಿಮಗೆ ಬೇಕಾಗಿರುವುದು ಇದು. ಬೊಂಬು ಚೆನ್ನಾಗಿ ಬಲಿತ ಮೇಲೂ ಒಂದು ಇಂಚಿನ ಆಸುಪಾಸು. ಎತ್ತರ ನಮ್ಮ ಕಡೆಯ ಮನೆ ತೋಟಗಳಲ್ಲಿ 12ರಿಂದ 20 ಅಡಿ. ಮೆಳೆ ಒತ್ತಾಗಿರುತ್ತದೆ. ಬುಡದಿಂದಲೇ ಎಲೆ ತುಂಬಿಕೊಳ್ಳುತ್ತದೆ, ಹಾಗಾಗಿ ಮರೆಗೆ ಹೇಳಿ ಮಾಡಿಸಿದಂಥದ್ದು. ಮುಳ್ಳಿಲ್ಲ. ಮೂಲ ದಕ್ಷಿಣ ಚೀನಾ ಕಡೆಯದು. ನಮ್ಮ ಹವೆಗೆ ಸುಖವಾಗಿ ಒಗ್ಗಿಕೊಳ್ಳುತ್ತದೆ.

ಇನ್ನೊಂದು ಮಾತು. ಮೇಲಿನ ಮಹಡಿ ಬಾಲ್ಕನಿ ಪೂರ್ತಿ ಮುಚ್ಚಬೇಕು ಅಂತ ಎತ್ತರದ ಜಾತಿ ಹುಡುಕಬೇಡಿ. ಗಿಡ ಕಿಟಕಿಗೆ ಹತ್ತಿರವಾದಷ್ಟೂ ಕಡಿಮೆ ಎತ್ತರದಲ್ಲೇ ಮರೆ ಆಗುತ್ತದೆ. ಕಿಟಕಿಯ ಒಳಗೆ ನಿಂತು, ಬಾಲ್ಕನಿ ಕಾಣುವ ಕೋನಕ್ಕೆ ಒಂದು ಗಳ ಎತ್ತಿ ಹಿಡಿಸಿ ನೋಡಿ. 15 ಅಡಿಗೇ ಕೆಲಸ ಮುಗಿಯಬಹುದು.


ಕುವೆಂಪುನಗರ_ನಿವಾಸಿ · ಭಾನುವಾರ ಮಧ್ಯಾಹ್ನ

ನನ್ನ ಮಾತು ಸ್ವಲ್ಪ ಖಾರ ಅನಿಸಬಹುದು, ಕ್ಷಮಿಸಿ. ಊರೊಳಗೆ ಬಿದಿರೇ ಬೇಡ. ನಮ್ಮ ರಸ್ತೆಯ ಕೊನೆ ಮನೆಯಲ್ಲಿ ಹಳದಿ ಬಿದಿರು ಇತ್ತು. ಮೊದಲು ಎಲ್ಲರೂ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಕಾಂಪೌಂಡ್ ಹೊಟ್ಟೆ ಬಿಟ್ಟಿತು. ತುದಿ ಹೋಗಿ ಕರೆಂಟ್ ತಂತಿಗೆ ತಾಗಿತು. ಮಳೆಗಾಲದಲ್ಲಿ ಗಾಳಿ ಬಂದರೆ ಇಡೀ ಬೀದಿಗೆ ಕರೆಂಟಿಲ್ಲ. ಆ ಮನೆ ಮಾರಿದ ಮೇಲೆ ಹೊಸಬರು ಜೆಸಿಬಿ ತರಿಸಿ ಗಡ್ಡೆ ಕೀಳಿಸಿದರು. ಒಂದು ದಿನಕ್ಕೆ ಮುಗಿಯುವ ಕೆಲಸ ಆಗಿರಲಿಲ್ಲ ಅದು.

ಮರೆ ಬೇಕಾದರೆ ಅರೆಕಾ ಪಾಮ್ ಹಾಕಿ. ಇಲ್ಲ ಅಂದರೆ ಬಳ್ಳಿ ಹಬ್ಬಿಸಿ.


ಹಸಿರುಬೇಲಿ · ಭಾನುವಾರ ಮಧ್ಯಾಹ್ನ

ಸರ್, ನೀವು ಹೇಳಿದ ಪ್ರತಿಯೊಂದೂ ನಿಜ. ನೀವು ನೋಡಿದ್ದು ವಿಟಾಟ ಇರಬೇಕು, ಬೊಂಬು ಮುಂಗೈ ದಪ್ಪ ಇತ್ತಾ? ನಾನು ಬೇಡ ಅಂದದ್ದೂ ಅದನ್ನೇ.

ಅರೆಕಾಗೆ ಪಶ್ಚಿಮದ ಬಿಸಿಲು ಆಗಿಬರಲ್ಲ. ಎಲೆ ತುದಿ ಸುಟ್ಟು ಹಳದಿ ಆಗಿಬಿಡುತ್ತದೆ. ಮಲ್ಟಿಪ್ಲೆಕ್ಸ್‌ಗೆ ಬಿಸಿಲೇ ಬೇಕು. ಬಿಸಿಲಿದ್ದರೇ ಬೊಂಬಿಗೆ ಆ ಬಂಗಾರದ ಬಣ್ಣ ಬರುವುದು, ನೆರಳಲ್ಲಿ ಮಂಕು.


ಕುವೆಂಪುನಗರ_ನಿವಾಸಿ · ಭಾನುವಾರ ಮಧ್ಯಾಹ್ನ

ಹೌದು, ಮುಂಗೈ ದಪ್ಪವೇ. ಇನ್ನೂ ಜಾಸ್ತಿಯೇ ಇತ್ತೇನೋ.


ಸಸ್ಯಪಾಠ · ಭಾನುವಾರ ಸಂಜೆ

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಿಯಾದವನು. ಎಲ್ಲ ಬಿದಿರನ್ನೂ ಒಂದೇ ಅಂದುಕೊಂಡು ಹೆದರುವವರೇ ಜಾಸ್ತಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಿದಿರಿನಲ್ಲಿ ಮಣ್ಣಿನ ಕೆಳಗಿನ ಗಡ್ಡೆ ಎರಡು ಥರ. ಒಂದು ಥರದಲ್ಲಿ ಗಡ್ಡೆ ಗಿಡ್ಡ, ದಪ್ಪ. ಸ್ವಲ್ಪ ಮುಂದೆ ಹೋಗಿ ಬಾಗಿ ಮೇಲೆದ್ದು ಅದೇ ಬೊಂಬಾಗುತ್ತದೆ. ಮುಂದಿನ ವರ್ಷ ಆ ಬೊಂಬಿನ ಬುಡದಿಂದ ಇನ್ನೊಂದು. ಹೀಗಾಗಿ ಮೆಳೆ ಆಗುತ್ತದೆ. ಸಣ್ಣ ಜಾತಿಗಳಲ್ಲಿ ಈ ಮೆಳೆ ಹೊರಗೆ ಹಿಗ್ಗುವುದು ನಿಧಾನ, ವರ್ಷಕ್ಕೆ ಕೆಲವು ಇಂಚು. ನಮ್ಮ ಕಾಡಿನ ಹೆಬ್ಬಿದಿರು, ಕಿರುಬಿದಿರು ಎರಡೂ ಮೆಳೆ ಕಟ್ಟುವ ಜಾತಿಯೇ.

ಇನ್ನೊಂದು ಥರದಲ್ಲಿ ಗಡ್ಡೆ ತೆಳು, ಉದ್ದ. ಮಣ್ಣಿನ ಕೆಳಗೆ ಅಡ್ಡಡ್ಡ ಓಡುತ್ತಲೇ ಇರುತ್ತದೆ, ಅಲ್ಲಲ್ಲಿ ಮೊಳಕೆ ಕಳಿಸುತ್ತದೆ. ಇವತ್ತು ಇಲ್ಲಿ ನೆಟ್ಟರೆ ಮುಂದೆ ಪಕ್ಕದ ಮನೆ ಅಂಗಳದಲ್ಲಿ ಏಳುತ್ತದೆ. ಫಿಲ್ಲೋಸ್ಟಾಕಿಸ್ ಕುಲದವು ಇಂಥವು. ಹೊರದೇಶದ ವಿಡಿಯೊಗಳಲ್ಲಿ ಬಿದಿರು ಮನೆ ಹಾಳು ಮಾಡಿತು ಅಂತ ತೋರಿಸುವುದು ಬಹುಮಟ್ಟಿಗೆ ಇವುಗಳನ್ನೇ. ಇದರಲ್ಲೂ ಒಂದಕ್ಕೆ ಗೋಲ್ಡನ್ ಬ್ಯಾಂಬೂ ಅಂತಲೇ ಹೆಸರಿದೆ, ಫಿಲ್ಲೋಸ್ಟಾಕಿಸ್ ಆರಿಯ. ಆದ್ದರಿಂದ ನರ್ಸರಿ ಚೀಟಿ ನಂಬಿ ತರಬೇಡಿ, ಗಿಡ ನೋಡಿ ತನ್ನಿ.

ನೋಡುವುದು ಹೀಗೆ. ಕೊಂಬೆ ಬಂದಿರುವ ಒಂದು ಗೆಣ್ಣು ಹಿಡಿದುಕೊಳ್ಳಿ. ಓಡುವ ಫಿಲ್ಲೋಸ್ಟಾಕಿಸ್‌ನಲ್ಲಿ ಗೆಣ್ಣಿಗೆ ಎರಡೇ ಮುಖ್ಯ ಕೊಂಬೆ, ಒಂದು ದೊಡ್ಡದು, ಒಂದು ಚಿಕ್ಕದು. ಆ ಕೊಂಬೆಯ ನೇರಕ್ಕೆ ಮೇಲಿನ ಬೊಂಬಿನಲ್ಲಿ ಒಂದು ಬದಿ ಚಪ್ಪಟೆ, ಉಗುರಿನಲ್ಲಿ ಸವರಿದರೆ ಕಾಲುವೆಯಂಥ ತಗ್ಗು ಸಿಗುತ್ತದೆ. ಬಾಂಬುಸ ಜಾತಿಯಲ್ಲಿ ಒಂದೇ ಗೆಣ್ಣಿನಿಂದ ಕೊಂಬೆಗಳ ದೊಡ್ಡ ಗುಂಪೇ ಏಳುತ್ತದೆ, ಬೊಂಬು ಸುತ್ತಲೂ ದುಂಡಗೆ. ಓದುವ ಕನ್ನಡಕ ಹಾಕಿಕೊಂಡು ಹೋಗಿ, ಅಲ್ಲೇ ಗೊತ್ತಾಗುತ್ತದೆ. ಚೀಲದ ತಳದಲ್ಲಿ ಹಗ್ಗದ ಹಾಗೆ ಉದ್ದದ ಗಡ್ಡೆ ಸುತ್ತಿಕೊಂಡಿದ್ದರೆ ಸುಮ್ನೆ ವಾಪಸ್ ಇಟ್ಟುಬಿಡಿ.


ಬೋಗಾದಿ_ಹಿತ್ತಲು · ಭಾನುವಾರ ರಾತ್ರಿ

ಸರ್, ತುಂಬಾ ಧನ್ಯವಾದ. ಫೋನಿನಲ್ಲಿ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿದೆ. ಸಣ್ಣ ಗಿಡದ ಒಂದು ಗೆಣ್ಣಿನಲ್ಲಿ ಆರೇಳು ಕೊಂಬೆ ಇವೆ. ಬೊಂಬಿನ ಗೆರೆ ಎಲ್ಲ ಕಡೆ ಒಂದೇ ಥರ ಇಲ್ಲ, ಒಂದರಲ್ಲಿ ಒಂದೇ ಗೆರೆ, ಪಕ್ಕದ್ದರಲ್ಲಿ ನಾಲ್ಕು. ಅದೇ ಸರಿಯಾದ್ದಾ?


ಸಸ್ಯಪಾಠ · ಭಾನುವಾರ ರಾತ್ರಿ

ಸರಿಯಾದ್ದೇ. ಗೆರೆಗಳು ಹಾಗೇ ಮನಸ್ಸಿಗೆ ಬಂದ ಹಾಗೆ ಬರುತ್ತವೆ. ಎಳೆ ಬೊಂಬು ಹೊರಗೆ ಬಂದಾಗ ನಸುಗೆಂಪು ಛಾಯೆ ಇರುತ್ತದೆ, ಬಿಸಿಲು ಬಿದ್ದ ಹಾಗೆ ಹಳದಿಗೆ ತಿರುಗುತ್ತದೆ. ಕೆಲವು ಎಲೆಗಳಲ್ಲೂ ಬಿಳಿ ಗೀರು ಕಾಣಬಹುದು. ಅದು ರೋಗವಲ್ಲ.


ನಾಲೆಬಯಲು_ಮಂಡ್ಯ · ಸೋಮವಾರ ಬೆಳಿಗ್ಗೆ

ನಾನು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆ ನೀರಿನ ಬಯಲಿನವನು. ಕಬ್ಬು, ಭತ್ತ. ಮನೆ ಮುಂದೆ ಮಲ್ಟಿಪ್ಲೆಕ್ಸ್ ಬೇಲಿ ಇದೆ, ತೋಟದ ಕೊನೆಯಲ್ಲಿ ದಪ್ಪ ಹಳದಿಯೂ ಇದೆ. ಗೋಡೆ, ಗಡ್ಡೆ ವಿಷಯ ಎಲ್ಲರೂ ಹೇಳಿದರು. ನಾನು ಮಣ್ಣು, ನೀರಿನ ಬಗ್ಗೆ ಹೇಳುತ್ತೇನೆ ಅಕ್ಕ. ಗಿಡ ಉಳಿಯುವುದು, ಸಾಯುವುದು ಅಲ್ಲೇ.

ಬಿದಿರಿಗೆ ನೀರು ಇಷ್ಟ, ನಿಂತ ನೀರು ಆಗಲ್ಲ. ನಾಲೆ ಬದಿಯಲ್ಲಿ ಬಿದಿರು ದಂಡಿಯಾಗಿ ಬೆಳೆಯುತ್ತೆ ಅಂತ ನಮ್ಮ ಕಡೆಯವರು ಗದ್ದೆ ಬದುವಿನ ತಗ್ಗಿಗೆ ನೆಡುತ್ತಾರೆ. ಏರಿ ಮೇಲಿದ್ದದ್ದು ಬದುಕುತ್ತದೆ, ತಗ್ಗಿನದು ಕೊಳೆಯುತ್ತದೆ. ಬೋಗಾದಿ ಕಡೆ ಕೆಂಪು ಮಣ್ಣಲ್ವಾ, ನೀರು ಬಸಿದು ಹೋಗುತ್ತದೆ. ನಿಮಗೆ ಆ ಚಿಂತೆ ಕಡಿಮೆ. ಆದರೆ ಹೊಸ ಬಡಾವಣೆಗಳಲ್ಲಿ ಸೈಟಿಗೆ ಕಟ್ಟಡದ ಪುಡಿ, ಸಿಮೆಂಟ್ ಹೆಂಟೆ ತುಂಬಿರುತ್ತಾರೆ. ಗುಂಡಿ ತೆಗೆಸಿ ನೋಡಿ. ಬಿಳಿ ಸುಣ್ಣದಂಥದ್ದು, ಇಟ್ಟಿಗೆ ಚೂರು ಸಿಕ್ಕಿದರೆ ಅಷ್ಟೂ ತೆಗೆಸಿ ಹೊರಗೆ ಹಾಕಿಸಿ. ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಏಳಲ್ಲ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳ ಸಾಕು. ಬೇರು ಮೇಲ್ಮಣ್ಣಲ್ಲೇ ಇರುತ್ತದೆ, ಆಳಕ್ಕೆ ಇಳಿಯುವ ಜಾತಿಯಲ್ಲ. ಮೇಲ್ಮಣ್ಣಿಗೆ ಸರಿಸಮ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ, ಗೆದ್ದಲು ಬರುತ್ತದೆ. ಚೀಲದಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳ ಕೂರಿಸಿ. ನೆಡುವುದು ಜೂನ್ ಮಳೆ ಹಿಡಿದ ಮೇಲೆ. ಮೈಸೂರಿನಲ್ಲಿ ಮುಂಗಾರು ಸುಮ್ನೆ ತುಂತುರು ಹನಿಸಿ ಹೋಗುವ ವರ್ಷಗಳೂ ಇವೆ, ಅದಕ್ಕೆ ಮಳೆ ನಂಬಿಕೊಂಡು ಕೂರಬೇಡಿ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಪಾತಿ ತುಂಬ ನೀರು ಕೊಡಿ. ಆಮೇಲೆ ವಾರಕ್ಕೊಂದು ಸಲ ಕೊಟ್ಟರೂ ತಡೆಯುತ್ತದೆ.

ಬಾಯಾರಿದರೆ ಗಿಡವೇ ಹೇಳುತ್ತದೆ. ಮಧ್ಯಾಹ್ನ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಸೂಜಿಯ ಹಾಗೆ ನಿಲ್ಲುತ್ತದೆ. ಸಂಜೆ ಬಿಚ್ಚಿಕೊಂಡರೆ ಪರವಾಗಿಲ್ಲ. ಬೆಳಿಗ್ಗೆಯೂ ಸುತ್ತಿಕೊಂಡೇ ಇದ್ದರೆ ತಕ್ಷಣ ನೀರು ಬಿಡಿ.

ಉದುರಿದ ತರಗನ್ನು ಗುಡಿಸಿ ಸುಡಬೇಡಿ. ದಯವಿಟ್ಟು. ಬುಡದಲ್ಲೇ ಇರಲಿ. ಬಿದಿರು ಮಣ್ಣಿನಿಂದ ತೆಗೆದ ಸಿಲಿಕಾ ಆ ಎಲೆಯಲ್ಲಿ ಬಹಳ ಇದೆ, ಅದು ಅಲ್ಲೇ ಕೊಳೆತು ಮತ್ತೆ ಗಿಡಕ್ಕೆ ಸೇರಬೇಕು. ತೇವವೂ ಉಳಿಯುತ್ತದೆ.


ಬೋಗಾದಿ_ಹಿತ್ತಲು · ಸೋಮವಾರ ಬೆಳಿಗ್ಗೆ

ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮಲ್ಲೂ ಮನೆ ಕಟ್ಟಿದಾಗಿನ ಜಲ್ಲಿ, ಸಿಮೆಂಟ್ ಅಲ್ಲೇ ಸುರಿದಿದ್ದರು. ತೆಗೆಸುತ್ತೇನೆ.

ಅತ್ತೆಯವರ ಮಾತಿಗೆ ಏನು ಹೇಳಲಿ? ಅವರ ಮನಸ್ಸು ನೋಯಿಸಿ ಗಿಡ ಹಾಕುವುದು ನನಗೆ ಇಷ್ಟ ಇಲ್ಲ. ಚಟ್ಟಕ್ಕೆ ಬಳಸುವ ಬಿದಿರು ಮನೆ ಮುಂದೆ ಯಾಕೆ ಅಂತಾರೆ.


ಮೇದರ_ಕಸುಬು · ಸೋಮವಾರ ಮಧ್ಯಾಹ್ನ

ಅಮ್ಮ, ನಮ್ಮದು ತಲೆತಲಾಂತರದಿಂದ ಬಿದಿರಿನ ಕೆಲಸ. ಮೈಸೂರಿನ ಬಂಬೂ ಬಜಾರ್ ಹತ್ತಿರವೇ ಹುಟ್ಟಿ ಬೆಳೆದವನು ನಾನು. ಬಿದಿರಿನ ಮಧ್ಯದಲ್ಲೇ ನಮ್ಮ ಮನೆಗಳು. ಮಕ್ಕಳು ಹುಟ್ಟಿದ್ದೂ ಅಲ್ಲೇ, ಮದುವೆ ಆದದ್ದೂ ಅಲ್ಲೇ.

ಅತ್ತೆಯವರಿಗೆ ಹೀಗೆ ಹೇಳಿ. ಚಟ್ಟಕ್ಕೂ ಬಿದಿರು ಬೇಕು, ನಿಜ. ಮದುವೆ ಚಪ್ಪರಕ್ಕೂ ಅದೇ ಗಳ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಮೊರ ಯಾವುದರಲ್ಲಿ ಹೆಣೆದಿದ್ದು? ಭಾದ್ರಪದ ಬಂತು ಅಂದರೆ ನಮ್ಮ ಮನೆಗಳಲ್ಲಿ ರಾತ್ರಿ ಹಗಲು ಅನ್ನದೆ ದಬ್ಬೆ ಸೀಳುತ್ತಾರೆ, ಆ ಮೊರಗಳಿಗೆ ಅರಿಶಿನ ಹಚ್ಚಿ ನಿಮ್ಮ ಅತ್ತೆಯಂಥ ಮುತ್ತೈದೆಯರೇ ಒಯ್ಯುತ್ತಾರೆ. ಅವರು ಹೇಳಿದ್ದನ್ನು ಅಲ್ಲಗಳೆಯಬೇಡಿ. ಈ ಮಾತನ್ನೂ ಜೊತೆಗೆ ಹೇಳಿ. ಒಪ್ಪಿದರೆ ಅವರ ಕೈಯಿಂದಲೇ ಮೊದಲ ಗಿಡಕ್ಕೆ ಮಣ್ಣು ಹಾಕಿಸಿ.

ನೀವು ಹೇಳುವ ಸಣ್ಣ ಬಿದಿರು ಮೊರಕ್ಕೆ, ಬುಟ್ಟಿಗೆ ಬರಲ್ಲ. ಅದಕ್ಕೆ ಉದ್ದ ಗೆಣ್ಣಿನ, ಸೀಳಿದರೆ ನೇರ ಎಳೆ ಬರುವ ಬಿದಿರು ಬೇಕು. ಆದರೆ ಅವರೆ, ಟೊಮೆಟೊ ಗಿಡಕ್ಕೆ ಆಸರೆ ಕೊಡಲು ಈ ಸಣ್ಣ ಬೊಂಬು ಚೆನ್ನಾಗಿರುತ್ತದೆ. ಕಡಿದದ್ದು ಯಾವುದೂ ಹಾಳಾಗಲ್ಲ.


ಯರಗನಹಳ್ಳಿ_ತಾರಸಿ · ಸೋಮವಾರ ಸಂಜೆ

ಹಾವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ? ನನಗೂ ಅದೇ ಭಯ.


ಹಸಿರುಬೇಲಿ · ಸೋಮವಾರ ಸಂಜೆ

ಹಾವು ಬಿದಿರಿಗಾಗಿ ಬರಲ್ಲ, ಇಲಿಗಾಗಿ ಬರುತ್ತದೆ. ಮೆಳೆ ಬುಡದಲ್ಲಿ ಹೆಂಚು, ಹಲಗೆ, ಮುರಿದ ಕುಂಡ ಪೇರಿಸಿಟ್ಟರೆ ಇಲಿ ಸೇರಿಕೊಳ್ಳುತ್ತದೆ. ಅನ್ನ, ಮುಸುರೆ ಅಲ್ಲಿ ಚೆಲ್ಲಬೇಡಿ. ನೆಲದಿಂದ ಒಂದೂವರೆ ಅಡಿವರೆಗೆ ಸಣ್ಣ ಕೊಂಬೆ ಸವರಿಬಿಡಿ. ಬುಡಕ್ಕೆ ಬೆಳಕು ಬೀಳುತ್ತದೆ, ಏನಿದ್ದರೂ ಕಾಣುತ್ತದೆ. ಹಳದಿ ಬೊಂಬಿನ ಅಂದ ಕಾಣುವುದೂ ಆಗಲೇ. ಕೈ ಹಾಕುವ ಮುಂಚೆ ಕೋಲಿನಲ್ಲಿ ತರಗು ತಟ್ಟಿ, ಅಷ್ಟು ಎಚ್ಚರ ಯಾವ ಗಿಡಕ್ಕೂ ಬೇಕು.

ಗೋಡೆ, ಸಂಪು ವಿಷಯ. ಬಿದಿರಿನ ಬೇರು ಹುಲ್ಲಿನ ಬೇರು. ಅರಳಿ, ಆಲದ ಬೇರಿನ ಥರ ವರ್ಷದಿಂದ ವರ್ಷಕ್ಕೆ ದಪ್ಪ ಆಗಿ ಗೋಡೆ ಸೀಳಲ್ಲ. ತೊಂದರೆ ಮಾಡುವುದು ಬುಡದ ಗಡ್ಡೆ. ಗೋಡೆಗೆ ಅಂಟಿಸಿ ನೆಟ್ಟರೆ ಅದು ಹಿಗ್ಗುವಾಗ ತಳ್ಳುತ್ತದೆ. ಅಡಿಪಾಯ ಇಲ್ಲದ ನಾಲ್ಕಿಂಚಿನ ಕಾಂಪೌಂಡ್ ಆದರೆ ಬಾಗುತ್ತದೆ. ಗೋಡೆಯಿಂದ 3 ಅಡಿ ಬಿಟ್ಟು ನೆಡಿ, ನಿಮ್ಮ 6 ಅಡಿಯಲ್ಲಿ ಸರಿಯಾಗಿ ಮಧ್ಯಕ್ಕೆ ಬರುತ್ತದೆ. ಸಂಪು ಬಿರುಕಿಲ್ಲದೆ ಗಟ್ಟಿ ಇದ್ದರೆ 8 ಅಡಿ ಸಾಕು. ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ತೇವ ಸಿಕ್ಕಿದ ಕಡೆ ಯಾವ ಬೇರಾದರೂ ಹೋಗುತ್ತದೆ.

25 ಅಡಿಗೆ ಗಿಡ ಎಷ್ಟು ಅಂತ ಕೇಳುತ್ತೀರಿ. 4 ಅಡಿಗೊಂದು ಹಾಕಿದರೆ ಆರು. ಬೇಗ ಮುಚ್ಚಲಿ ಅಂತ 2 ಅಡಿಗೊಂದು ಹಾಕಿಸುವವರಿದ್ದಾರೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದು ಗೋಡೆ ಆಗಿಬಿಡುತ್ತದೆ, ಆಮೇಲೆ ಒಳಗೆ ಕೈ ಆಡಲ್ಲ.


ಯರಗನಹಳ್ಳಿ_ತಾರಸಿ · ಸೋಮವಾರ ರಾತ್ರಿ

ನನಗೆ ನೆಲ ಇಲ್ಲ, ತಾರಸಿ ಮಾತ್ರ. ಕುಂಡದಲ್ಲಿ ಬರುತ್ತಾ? ಟೇಬಲ್ ಮೇಲೆ ನೀರಲ್ಲಿಡುವ ಲಕ್ಕಿ ಬ್ಯಾಂಬೂ ದೊಡ್ಡದಾಗುತ್ತಾ?


ಸಸ್ಯಪಾಠ · ಸೋಮವಾರ ರಾತ್ರಿ

ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ. ಅದು ಆಫ್ರಿಕಾ ಮೂಲದ ಡ್ರಸೀನ ಗಿಡ. ಅದನ್ನು ಅದರ ಪಾಡಿಗೆ ಟೇಬಲ್ ಮೇಲೆ ಬಿಡಿ.

ಕುಂಡಕ್ಕೆ ಬುದ್ಧ ಬೆಲ್ಲಿ ಅನ್ನುವ ಬಿದಿರು ನೋಡಿ. ಗೆಣ್ಣಿನ ನಡುವೆ ಬೊಂಬು ಉಬ್ಬಿಕೊಂಡಿರುತ್ತದೆ. ಇದರಲ್ಲಿ ಒಂದು ಸ್ವಾರಸ್ಯ ಇದೆ. ಬಾಂಬುಸ ವೆಂಟ್ರಿಕೋಸ ಅಂತ ಮಾರುವ ಜಾತಿಯಲ್ಲಿ, ಕುಂಡದಲ್ಲಿ ಬೇರಿಗೆ ಇಕ್ಕಟ್ಟು, ನೀರು ಸ್ವಲ್ಪ ಕಡಿಮೆ ಇದ್ದಾಗಲೇ ಆ ಹೊಟ್ಟೆ ಬರುವುದು. ಅದನ್ನೇ ಒಳ್ಳೆ ನೆಲಕ್ಕೆ ಹಾಕಿ ನೀರು ಗೊಬ್ಬರ ಕೊಟ್ಟರೆ ನೆಟ್ಟಗೆ, ಎತ್ತರಕ್ಕೆ, ಮಾಮೂಲಿ ಬಿದಿರಾಗಿ ಬೆಳೆಯುತ್ತದೆ. ಉಬ್ಬು ಇಲ್ಲವಲ್ಲ ಅಂತ ಜನ ನರ್ಸರಿಯವರನ್ನು ದೂರುತ್ತಾರೆ. ಗಿಡ ಅದೇ, ಇರುವ ಜಾಗ ಬೇರೆ ಅಷ್ಟೇ.

ಮಣ್ಣಿನ ಕುಂಡ ಬೇಡ, ಗಡ್ಡೆ ಹಿಗ್ಗಿ ಸೀಳುತ್ತದೆ. ಅಗಲ ಬಾಯಿಯ ದಪ್ಪ ಪ್ಲಾಸ್ಟಿಕ್ ಡ್ರಮ್ ಅರ್ಧ ಮಾಡಿಸಿಕೊಳ್ಳಿ. ಎರಡು ಮೂರು ವರ್ಷಕ್ಕೊಮ್ಮೆ ಹೊರತೆಗೆದು ಗಡ್ಡೆ ಭಾಗ ಮಾಡಿ ಮತ್ತೆ ನೆಡಬೇಕು.


ಮಡಿಕೇರಿಯಿಂದ_ಮೈಸೂರಿಗೆ · ಮಂಗಳವಾರ ಬೆಳಿಗ್ಗೆ

ನನಗೆ ಬಿದಿರು ಅಂದರೆ ಕಳಲೆ. ಈ ಅಲಂಕಾರದ ಬಿದಿರಿನ ಮೊಳಕೆ ತಿನ್ನಬಹುದಾ? ಮಳೆ ಶುರು ಆದರೆ ಕಳಲೆ ಸಾರು ಇಲ್ಲದೆ ನಮಗೆ ಆಗಲ್ಲ.


ನಾಲೆಬಯಲು_ಮಂಡ್ಯ · ಮಂಗಳವಾರ ಬೆಳಿಗ್ಗೆ

ಮಲ್ಟಿಪ್ಲೆಕ್ಸ್ ಮೊಳಕೆ ಕಡ್ಡಿ ಗಾತ್ರ, ಸಿಪ್ಪೆ ಬಿಡಿಸಿದರೆ ಏನೂ ಉಳಿಯಲ್ಲ. ಅದನ್ನು ಬೆಳೆಯಲು ಬಿಡಿ. ಕಳಲೆಗೆ ದಪ್ಪ ಜಾತಿಗಳೇ ಬೇಕು.

ಹೊಸಬರಿಗೆ ಒಂದು ಮಾತು: ಯಾವ ಕಳಲೆಯನ್ನೂ ಹಸಿಯಾಗಿ ತಿನ್ನಬೇಡಿ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ. ಹೆಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಆದ ಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲುವುದು ಅದಕ್ಕೇ. ನಿಮಗೆ ಗೊತ್ತೇ ಇರುತ್ತದೆ.


ಕುವೆಂಪುನಗರ_ನಿವಾಸಿ · ಮಂಗಳವಾರ ಸಂಜೆ

ನಾನು ಬೇಡ ಅಂದವನೇ, ಆದರೂ ಓದುತ್ತಾ ಇದ್ದೇನೆ. ಬಿದಿರು ಹೂ ಬಿಟ್ಟರೆ ಸಾಯುತ್ತದಲ್ಲ? ನಾಗರಹೊಳೆ ಕಡೆ ಮೆಳೆಮೆಳೆ ಒಣಗಿ ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ. ಆಗ ಬಿದಿರಕ್ಕಿ ರಸ್ತೆ ಬದಿಯಲ್ಲೇ ಮಾರುತ್ತಿದ್ದರು.


ಸಸ್ಯಪಾಠ · ಮಂಗಳವಾರ ರಾತ್ರಿ

ನೀವು ನೋಡಿದ್ದು ಹೆಬ್ಬಿದಿರು. ಅದು ಸಾಮಾನ್ಯವಾಗಿ 40, 50 ವರ್ಷಕ್ಕೊಮ್ಮೆ ಒಂದು ಸೀಮೆಯಲ್ಲಿ ಒಟ್ಟಿಗೆ ಹೂ ಬಿಟ್ಟು, ಬೀಜ ಕಟ್ಟಿ, ಒಣಗುತ್ತದೆ. ಕಾಡಿನ ಮಟ್ಟಿಗೆ ಅದು ದೊಡ್ಡ ಘಟನೆ. ಆನೆ, ಕಾಟಿಗೆ ಮೇವು ಹೋಗುತ್ತದೆ, ಒಣ ಮೆಳೆಗೆ ಬೆಂಕಿ ಬೇಗ ಹತ್ತುತ್ತದೆ, ಬೀಜ ತಿಂದು ಇಲಿ ಹೆಚ್ಚುತ್ತವೆ. ಆಮೇಲೆ ಅದೇ ಬೀಜದಿಂದ ಹೊಸ ಬಿದಿರು ಏಳುತ್ತದೆ.

ವಲ್ಗ್ಯಾರಿಸ್ ಹೂ ಬಿಡುವುದು ತೀರಾ ಅಪರೂಪ, ಬಿಟ್ಟರೂ ಬೀಜ ಕಟ್ಟಲ್ಲ. ಲೋಕದ ಎಲ್ಲ ಕಡೆ ಅದನ್ನು ಬೆಳೆಸಿದ್ದು ಬೊಂಬಿನ ತುಂಡು, ಗಡ್ಡೆಯಿಂದಲೇ. ಮನೆ ತೋಟದ ಬೇಲಿಗೆ ಹೂವಿನ ಚಿಂತೆ ದೊಡ್ಡದಲ್ಲ. ಕತ್ತರಿ ಹಾಕದೆ ಬಿಡುವುದೇ ದೊಡ್ಡ ಚಿಂತೆ.


ಮೇದರ_ಕಸುಬು · ಮಂಗಳವಾರ ರಾತ್ರಿ

ಮೇಷ್ಟ್ರು ಸರಿಯಾಗಿ ಹೇಳಿದರು. ಕಡಿಯುವುದನ್ನು ನಾನು ಹೇಳುತ್ತೇನೆ, ಅದು ನಮ್ಮ ಕೆಲಸ.

ಬಿದಿರು ಮರದ ಥರ ವರ್ಷ ವರ್ಷ ದಪ್ಪ ಆಗಲ್ಲ. ನೆಲದಿಂದ ಯಾವ ದಪ್ಪಕ್ಕೆ ಬಂತೋ ಕೊನೆತನಕ ಅದೇ ದಪ್ಪ. ಎತ್ತರವೂ ಆ ಒಂದು ಮಳೆಗಾಲದ ಕೆಲವು ತಿಂಗಳಲ್ಲೇ ಮುಗಿಯಿತು. ಆಮೇಲೆ ಬಲಿಯುತ್ತದೆ ಅಷ್ಟೇ. ಆದ್ದರಿಂದ ಹಳೇದನ್ನು ಉಳಿಸಿಕೊಂಡರೆ ದೊಡ್ಡದಾಗುತ್ತೆ ಅಂತ ಕಾಯುವುದು ಬೇಡ. ಹಳೇದು ಹೋದರೆ ಹೊಸದಕ್ಕೆ ಜಾಗ.

ವಯಸ್ಸು ಗುರುತಿಸುವುದು ಹೇಗೆ ಅಂದರೆ, ಆ ವರ್ಷದ ಬೊಂಬಿಗೆ ಗೆಣ್ಣಿನ ಹತ್ತಿರ ಕಂದು ಹಾಳೆ, ಅಂದರೆ ಮೊಳಕೆಯ ಹೊದಿಕೆ, ಇನ್ನೂ ಅಂಟಿರುತ್ತದೆ, ಗೆಣ್ಣಿನ ಕೆಳಗೆ ಬೆರಳಿಟ್ಟರೆ ಬಿಳಿ ಪುಡಿ ಹತ್ತುತ್ತದೆ. ಎರಡನೇ ವರ್ಷ ಮೈ ನುಣುಪು, ಬಣ್ಣ ಹೊಳಪು. ಮೂರು ದಾಟಿದ ಮೇಲೆ ಹೊಳಪು ಹೋಗಿ ಬೂದು ಮಚ್ಚೆ ಕೂರುತ್ತದೆ. ಮಚ್ಚಿನ ಹಿಂಬದಿಯಿಂದ ತಟ್ಟಿದರೆ ಎಳೆಯದು ದಬದಬ ಅನ್ನುತ್ತದೆ, ಬಲಿತದ್ದು ಠಣ್ ಅನ್ನುತ್ತದೆ. ಠಣ್ ಅಂದದ್ದನ್ನು ಕಡಿಯಿರಿ. ಒಂದನೇ, ಎರಡನೇ ವರ್ಷದ್ದನ್ನು ಮುಟ್ಟಬೇಡಿ, ಮುಂದಿನ ಕಳಲೆ ಹುಟ್ಟುವುದು ಅವುಗಳ ಬುಡದಿಂದ.

ಕಾಲ: ದೀಪಾವಳಿ ಕಳೆದು ಶಿವರಾತ್ರಿಯ ಒಳಗೆ. ಮಳೆಗಾಲದಲ್ಲಿ ಕಡಿದರೆ ಎಳೆ ಕಳಲೆ ತುಳಿದು ಮುರಿಯುತ್ತೀರಿ. ಕಡಿದ ಬೊಂಬಿಗೂ ಹುಳ ಬೇಗ ಹೊಡೆಯುತ್ತದೆ, ಹಿಟ್ಟು ಹಿಟ್ಟಾಗಿ ಉದುರುತ್ತದೆ. ಕಡಿದದ್ದನ್ನು ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿದರೆ ಬಾಳಿಕೆ ಬರುತ್ತದೆ.

ಕಡಿಯುವ ಜಾಗ ನೆಲದ ಮೇಲಿನ ಮೊದಲ ಗೆಣ್ಣು, ಅದಕ್ಕೆ ತಾಗಿದ ಹಾಗೆ ಮೇಲುಗಡೆ. ಗೆಣ್ಣಿಗಿಂತ ಎತ್ತರದಲ್ಲಿ ಕಡಿದರೆ ಅಲ್ಲಿ ಬಟ್ಟಲು ಆಗಿ ಮಳೆ ನೀರು ನಿಲ್ಲುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಅಂತ ಊರೆಲ್ಲ ಹೆದರುವಾಗ ಇದನ್ನು ಯಾರೂ ನೋಡಲ್ಲ. ಓರೆ ಕಡಿಯಬೇಡಿ, ಆ ಚೂಪು ಕಾಲಿಗೆ ಚುಚ್ಚಿದರೆ ಗಾಯ ಬೇಗ ವಾಸಿಯಾಗಲ್ಲ. ಸಣ್ಣ ಗರಗಸದಲ್ಲಿ ನೇರ ಕೊಯ್ಯಿರಿ. ಉದ್ದ ತೋಳಿನ ಅಂಗಿ ಇರಲಿ, ಹಾಳೆಯ ರೋಮ ಮೈಗೆ ಹತ್ತಿದರೆ ನವೆ.


ಹಸಿರುಬೇಲಿ · ಬುಧವಾರ ಬೆಳಿಗ್ಗೆ

ಅಣ್ಣ, ಗೆಣ್ಣಿನ ಮೇಲೆ ಕಡಿಯುವ ವಿಷಯ ನಮ್ಮ ಹುಡುಗರಿಗೆ ದಿನಾ ಹೇಳುತ್ತೇನೆ. ನಿಮ್ಮಿಂದ ಕೇಳಿ ಖುಷಿಯಾಯಿತು.

ಒಂದು ಸೇರಿಸುತ್ತೇನೆ. ಎತ್ತರ ಜಾಸ್ತಿ ಅನಿಸಿದರೆ ತುದಿ ಕತ್ತರಿಸಬಹುದು. ಕತ್ತರಿಸಿದ ಬೊಂಬು ಮತ್ತೆ ಮೇಲೆ ಹೋಗಲ್ಲ, ಕೆಳಗಿನ ಕೊಂಬೆ ದಟ್ಟ ಆಗುತ್ತದೆ. ಆದರೆ ಹೊಸ ಬೊಂಬು ಕೊಂಬೆ, ಎಲೆ ಬಿಟ್ಟ ಮೇಲೆ ಕತ್ತರಿಸಿ.


ಬೋಗಾದಿ_ಹಿತ್ತಲು · ಶನಿವಾರ ಸಂಜೆ

ಎಲ್ಲರಿಗೂ ತಿಳಿಸಬೇಕು ಅನಿಸಿತು. ಅತ್ತೆ ಒಪ್ಪಿದರು. ಮೊರದ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಗೌರಿ ಹಬ್ಬದೊಳಗೆ ನೆಟ್ಟುಬಿಡು ಅಂದರು. ಗುಂಡಿ ತೆಗೆಸಿದೆವು. ಸಿಮೆಂಟ್ ಹೆಂಟೆ, ಟೈಲ್ಸ್ ಚೂರು ಗಾಡಿ ತುಂಬ ಹೋಯಿತು.

ಆರು ಗಿಡ ತಂದಿದ್ದೇನೆ, ಎಲ್ಲ ಸಣ್ಣ ಬೊಂಬಿನವು. ನಾಲ್ಕು ಚೆನ್ನಾಗಿವೆ. ಎರಡರ ಚೀಲ ಬಿಚ್ಚಿ ನೋಡಿದರೆ ಬೇರು ತಳದಲ್ಲಿ ಗಟ್ಟಿಯಾಗಿ ಸುತ್ತಿಕೊಂಡಿದೆ, ಮಣ್ಣೇ ಕಾಣಲ್ಲ. ಓಡುವ ಗಡ್ಡೆ ಅಲ್ಲ, ಬರೀ ನಾರು ಬೇರು. ಹಾಗೇ ನೆಡಲಾ, ಬೇರು ಬಿಡಿಸಲಾ? ಒಂದು ಗಿಡದಲ್ಲಿ ಎಲೆಯ ಹಿಂದೆ ಬಿಳಿ ಹತ್ತಿಯಂಥದ್ದೂ ಇದೆ.


ನಾಲೆಬಯಲು_ಮಂಡ್ಯ · ಶನಿವಾರ ರಾತ್ರಿ

ಅಕ್ಕ, ಆ ಎರಡನ್ನೂ ಚೀಲ ತೆಗೆದು ಒಂದು ಗಂಟೆ ಬಕೆಟ್ ನೀರಲ್ಲಿ ಇಡಿ. ಒಳಗಿನ ಒಣ ಮಣ್ಣು ಪೂರ್ತಿ ನೆನೆಯಲಿ. ಆಮೇಲೆ ತಳದ ಸುತ್ತು ಬೇರನ್ನು ಚಾಕುವಿನಲ್ಲಿ ಒಂದು ಇಂಚಿನಷ್ಟು ಕೊಯ್ದು ತೆಗೆಯಿರಿ. ಬದಿಯಲ್ಲಿ ಮೂರು ಕಡೆ ಮೇಲಿಂದ ಕೆಳಗೆ ಗೀರಿ. ಹುಲ್ಲಿನ ಬೇರು, ಮತ್ತೆ ಬರುತ್ತದೆ. ಕಣ್ಣು ಬಿಟ್ಟಿರುವ ಗಡ್ಡೆಗೆ ಮಾತ್ರ ಏಟಾಗಬಾರದು, ಬುಡದ ಪಕ್ಕ ಮೊನೆ ಮೊನೆಯಾಗಿ ಕಾಣುತ್ತದಲ್ಲ, ಅದು. ಆ ಮೊನೆಯೇ ಈ ಮಳೆಗಾಲದ ಬೊಂಬು.

ಬಿಳಿ ಹತ್ತಿ ಹಿಟ್ಟು ತಿಗಣೆ. ಆ ಗಿಡವನ್ನು ಉಳಿದವುಗಳಿಂದ ದೂರ ಇಡಿ. ಪೈಪಿನಲ್ಲಿ ಎಲೆಯ ಹಿಂಬದಿಗೆ ರಭಸವಾಗಿ ನೀರು ಹೊಡೆಯಿರಿ, ನಂತರ ಬೇವಿನೆಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ, ತಿಗಣೆಯನ್ನು ಕಾಯುವುದು ಅವೇ. ಪೂರ್ತಿ ಹೋದ ಮೇಲೆ ನೆಲಕ್ಕೆ ಹಾಕಿ. ಉಳಿದ ಐದನ್ನು ನಾಳೆಯೇ ನೆಟ್ಟುಬಿಡಿ, ಮೋಡ ಇದೆ.